ಗಂಟಿನ ಚಿತ್ರ ಚೆಂದವಿದ್ದರೆ ಸಾಲದು

ವೈದ್ಯರು ಬೆರಳಿನಿಂದ ಒತ್ತಿ ತಿಳಿಯುವ ಗಡಸುತನವನ್ನು ಅಲ್ಟ್ರಾಸೌಂಡ್ ಪರದೆಗೆ ತರುವ ವಿದ್ಯೆಗೆ ಎಲಾಸ್ಟೋಗ್ರಫಿ ಎಂಬ ಹೆಸರು ನೆಲೆಯಾದದ್ದು ಹ್ಯೂಸ್ಟನ್ನಿನ ಜೊನಾಥನ್ ಓಫಿರ್ ಮತ್ತು ಸಂಗಡಿಗರ 1991ರ ಪ್ರಬಂಧದಿಂದ. ಪ್ರೋಬಿನಿಂದ ಅಂಗಾಂಶವನ್ನು ಶೇಕಡಾ ಒಂದರಷ್ಟು ಅದುಮಿ, ಅದುಮುವ ಮೊದಲಿನ ಮತ್ತು ನಂತರದ ಪ್ರತಿಧ್ವನಿಗಳನ್ನು ಹೋಲಿಸಿ, ಯಾವ ಭಾಗ ಎಷ್ಟು ಕುಗ್ಗಿತು ಎಂದು ಲೆಕ್ಕ ಹಾಕುತ್ತಾರೆ. ಕಡಿಮೆ ಕುಗ್ಗಿದ್ದು ಗಡಸು. ತೊಡಕಿರುವುದು ಈ ಲೆಕ್ಕದಲ್ಲೇ: ಜರುಗಿದ ದೂರದಲ್ಲಿರುವ ಸಣ್ಣ ತಪ್ಪು, ಅದರಿಂದ ಕುಗ್ಗುವಿಕೆಯನ್ನು ತೆಗೆಯುವಾಗ ದೊಡ್ಡದಾಗಿ ಚಿತ್ರವೆಲ್ಲ ಕಾಳು ಕಾಳಾಗುತ್ತದೆ. ಹೋಲಿಸುವ ತುಣುಕನ್ನು ಉದ್ದ ಮಾಡಿದರೆ ಕಾಳು ಇಳಿಯುತ್ತದೆ, ಸಣ್ಣ ಗಂಟಿನ ಅಂಚೂ ಕರಗುತ್ತದೆ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ ಹೋದ ಟೋಮಿ ವರ್ಗೀಸ್, ಓಫಿರ್ ಅವರೊಂದಿಗೆ 1996ರಲ್ಲಿ ಬರೆದ ಪ್ರಬಂಧವೊಂದು ಇದಕ್ಕೆ ಜಾಣ ಪರಿಹಾರ ಹೇಳಿತು: ಅದುಮಿದ ನಂತರದ ಸಂಕೇತವನ್ನು ಅಷ್ಟೇ ಹಿಗ್ಗಿಸಿ ಮೊದಲಿನದಕ್ಕೆ ಹೊಂದಿಸು, ಹಂತ ಹಂತವಾಗಿ ಹಲವು ಸಲ ಅದುಮಿ ಸರಾಸರಿ ತೆಗೆ. ಚಿತ್ರ ತಿಳಿಯಾಗುತ್ತದೆ, ನಿಜ. ಆದರೆ ಎಲ್ಲಿ? ಸುತ್ತಲಿನ ಮೆತ್ತನೆಯ ಭಾಗ ಶೇ. 2ರಷ್ಟು, ಗಂಟು ಶೇ. 0.5ರಷ್ಟು ಕುಗ್ಗಿತು ಎನ್ನಿ. ಇಡೀ ಸಂಕೇತವನ್ನು ಶೇ. 2 ಹಿಗ್ಗಿಸಿದರೆ ಸುತ್ತಲಿನದು ಸರಿಹೊಂದುತ್ತದೆ; ಗಂಟಿನೊಳಗಿನ ವ್ಯತ್ಯಾಸ ಮಾತ್ರ 0.5ರಿಂದ 1.5ಕ್ಕೆ ಏರುತ್ತದೆ. ನಾವು ಹುಡುಕಿ ಬಂದ ಜಾಗವೇ ಕೆಟ್ಟು, ಬೇಡದ ಜಾಗ ಹೊಳೆಯುತ್ತದೆ, ಇಡೀ ಚಿತ್ರದ ಗುಣಮಟ್ಟಕ್ಕೆ ಕೊಡುವ ಸರಾಸರಿ ಅಂಕವಂತೂ ಮೇಲೇರುತ್ತದೆ. ಜಾಗಕ್ಕೆ ತಕ್ಕಂತೆ ಹಿಗ್ಗಿಸುವ ವಿಧಾನ ಮುಂದೆ ಬಂದದ್ದು ಈ ಕೊರತೆಯಿಂದಲೇ. ಅಡ್ಡಕ್ಕೆ ಜಾರುವ ಅಂಗಾಂಶಕ್ಕೆ ಅದೂ ಪೂರ್ತಿ ಮದ್ದಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ಅವರಿಬ್ಬರ 1997ರ ‘ಸ್ಟ್ರೇನ್ ಫಿಲ್ಟರ್’ ಸಿದ್ಧಾಂತವೇ ಹೆಚ್ಚು ಬೆಲೆಯುಳ್ಳದ್ದು. ತೀರ ಕಡಿಮೆ ಕುಗ್ಗಿದ್ದು ಗದ್ದಲದಲ್ಲಿ ಮುಳುಗುತ್ತದೆ, ತೀರ ಹೆಚ್ಚು ಕುಗ್ಗಿದ್ದು ತನ್ನ ಮೊದಲಿನ ಗುರುತನ್ನೇ ಕಳೆದುಕೊಳ್ಳುತ್ತದೆ. ನಡುವಿನ ಪಟ್ಟಿಯಷ್ಟೇ ನಂಬಲರ್ಹ ಎಂದು ಅದು ಅಳೆದು ತೋರಿಸುತ್ತದೆ. ಅದರಾಚೆಯ ಜಾಗಕ್ಕೆ ಬಣ್ಣ ಬಳಿಯದೆ ಖಾಲಿ ಬಿಡಬೇಕು ಎಂಬುದು ನನ್ನ ವಾದ. ಚಿತ್ರವನ್ನು ತಿದ್ದುವುದಕ್ಕಿಂತ ಚಿತ್ರದ ಅಳವನ್ನು ಹೇಳುವುದು ಕಷ್ಟದ ಪ್ರಾಮಾಣಿಕತೆ.

ಕೈಯಿಂದ ಅದುಮುವ ಕಾಲ ಮುಗಿಯಿತು, ಅಂಗಾಂಶದೊಳಗೆ ಅಲೆ ಎಬ್ಬಿಸಿ ಅದರ ವೇಗದಿಂದ ಗಡಸುತನ ಅಳೆಯುವ ಶಿಯರ್ ವೇವ್ ವಿಧಾನ ಬಂದಿದೆ ಎಂದು ಆಕ್ಷೇಪಿಸಬಹುದು. ಅದು ಗಡಸುತನಕ್ಕೆ ಸಂಖ್ಯೆ ಕೊಡುತ್ತದೆ, ದೊಡ್ಡ ಲಾಭವೇ. ಆದರೆ ತೀರ ಗಟ್ಟಿ ಕ್ಯಾನ್ಸರ್ ಗಂಟಿನೊಳಗೆ ಆ ಅಲೆ ಸರಿಯಾಗಿ ಸಾಗದೆ, ಜಾಗ ಖಾಲಿ ಕಾಣುವುದೂ ಮೆತ್ತಗಿದ್ದಂತೆ ಕಾಣುವುದೂ ಉಂಟು. ಇನ್ನೊಂದು ಆಕ್ಷೇಪ: ಬಿಡುವಿಲ್ಲದ ವೈದ್ಯರಿಗೆ ಅಲ್ಲಲ್ಲಿ ಖಾಲಿ ಬಿಟ್ಟ ಚಿತ್ರ ಗೊಂದಲವಾಗುತ್ತದೆ. (ಗಡಸಿಗೆ ಒಂದು ಕಂಪನಿ ನೀಲಿ, ಮತ್ತೊಂದು ಕೆಂಪು ಬಳಿಯುವ ಗೊಂದಲವನ್ನು ಸಹಿಸಿದವರಿಗೆ ಇದೇನು ಹೆಚ್ಚಲ್ಲ.) ಗೊಂದಲಕ್ಕಿಂತ ಸುಳ್ಳು ಭರವಸೆಯೇ ದುಬಾರಿ. ದುಂಡಸಿಯಂಥ ಹಳ್ಳಿಯ ಹೆಣ್ಣುಮಗಳಿಗೆ ಎದೆಯಲ್ಲಿ ಗಂಟು ಕೈಗೆ ಹತ್ತಿದರೆ ಶಿಗ್ಗಾವಿಗೆ, ಅಲ್ಲಿಂದ ಹುಬ್ಬಳ್ಳಿಗೆ ಹೋಗಬೇಕು. ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬಂದವಳಿಗೆ ‘ಏನೂ ಇಲ್ಲ’ ಎಂದರೆ ಅವಳು ಮತ್ತೆ ಬರುವುದು ಯಾವಾಗಲೋ. ಖಾಲಿ ಜಾಗ ಕಂಡರೆ ವೈದ್ಯರು ಪ್ರೋಬ್ ಸರಿಪಡಿಸಿ ಇನ್ನೊಮ್ಮೆ ಅದುಮಿಯಾರು, ಇಲ್ಲವೇ ಆ ದಿನವೇ ಸೂಜಿ ಪರೀಕ್ಷೆಗೆ ಬರೆದಾರು. ನಯಗೊಳಿಸಿದ ಬಣ್ಣ ಕಂಡರೆ ಎರಡಕ್ಕೂ ಕಾರಣ ಉಳಿಯುವುದಿಲ್ಲ. ಚಿತ್ರ ಸುಧಾರಿಸಿದ್ದೇವೆ ಎನ್ನುವವರು ಗಂಟಿನೊಳಗಿನ ಅಂಕವನ್ನು ಬೇರೆಯಾಗಿ, ಎಷ್ಟು ಅದುಮಿದಾಗ ಸಿಕ್ಕಿತು ಎಂಬುದರೊಂದಿಗೆ ಕೊಡಲಿ.