ದೇವರೊಡನೆ ಮಲ್ಲಯುದ್ಧ: ಹಾಪ್ಕಿನ್ಸನ ಕೊನೆಯ ಸುನೀತಗಳು

ಪ್ರಾರ್ಥನೆಯೆಂದರೆ ಮನಸ್ಸಿಗೆ ಶಾಂತಿ ತರುವ ಸಾಧನವೆಂಬುದು ನಮ್ಮಲ್ಲಿ ಬಹುಮಂದಿಯ ಭಾವನೆ. ಕ್ರೈಸ್ತ ಪರಂಪರೆಯಲ್ಲಿ ಇದರ ಜೊತೆಗೆ ಇನ್ನೊಂದು ಕಲ್ಪನೆಯೂ ಇದೆ: ಪ್ರಾರ್ಥನೆ ಒಂದು ಹೋರಾಟ. ಬೈಬಲಿನ ಆದಿಕಾಂಡದಲ್ಲಿ ಯಾಕೋಬನು ಯಬ್ಬೋಕ್ ಹೊಳೆಯ ಬಳಿ ಅಪರಿಚಿತನೊಬ್ಬನೊಡನೆ ಬೆಳಗಿನವರೆಗೆ ಹೋರಾಡುತ್ತಾನೆ. ತೊಡೆಯ ಕೀಲು ತಪ್ಪಿದರೂ ಆಶೀರ್ವಾದ ಸಿಗುವ ತನಕ ಹಿಡಿತ ಸಡಿಲಿಸುವುದಿಲ್ಲ. ಕೊನೆಗೆ ಹೊಸ ಹೆಸರೂ ದೊರೆಯುತ್ತದೆ, ಕುಂಟೂ ಉಳಿಯುತ್ತದೆ.

ಈ ಕಲ್ಪನೆಯನ್ನು ಬಾಳಿ ಬರೆದವನು ಇಂಗ್ಲಿಷ್ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ (1844-1889). ಪ್ರಾಟೆಸ್ಟೆಂಟ್ ಮನೆತನದಲ್ಲಿ ಹುಟ್ಟಿದ ಈತ 1866ರಲ್ಲಿ ಕ್ಯಾಥೊಲಿಕನಾದ. 1868ರಲ್ಲಿ ಯೇಸುಸಭೆಯನ್ನು ಸೇರಿದ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದೂ ಇದೇ ಸಭೆ. 1884ರಲ್ಲಿ ಗ್ರೀಕ್ ಭಾಷೆಯ ಪ್ರಾಧ್ಯಾಪಕನಾಗಿ ಡಬ್ಲಿನ್ನಿಗೆ ಹೋದ. ಮನೆಯವರು ದೂರ, ನೆಲ ಪರಕೀಯ, ರಾಶಿರಾಶಿ ಉತ್ತರಪತ್ರಿಕೆಗಳ ಹೊರೆ, ಕೆಡುತ್ತಿದ್ದ ಆರೋಗ್ಯ. ಎಲ್ಲಿಯೂ ತಾನು ಅಪರಿಚಿತನೇ ಎಂಬ ಕೊರಗಿನ ಮೇಲೆಯೇ ಒಂದು ಸುನೀತವನ್ನು ಬರೆದ. ಪರಸ್ಥಳದಲ್ಲಿ ಬಾಳುವ ನಮಗೆ ಇದು ದೂರದ ಮಾತಲ್ಲ.

1885ರ ಸುಮಾರಿನ ಈ ಸುನೀತಗಳನ್ನು ವಿಮರ್ಶಕರು 'ಭೀಕರ ಸುನೀತಗಳು' ಎಂದು ಕರೆದಿದ್ದಾರೆ. ಇವನ್ನು ಶ್ರದ್ಧೆ ಕುಸಿದವನ ಪ್ರಲಾಪವೆಂದು ಓದುವುದು ಸುಲಭ. ನಾವು ಹಾಗೆ ಓದಲಾರೆವು. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ ಮನಸ್ಸಿನ ಶುಷ್ಕಕಾಲವನ್ನು ಸಾಧಕನ ದಾರಿಯಲ್ಲಿ ಬರುವಂಥದೆಂದೇ ಎಣಿಸಿದ್ದ. ಆಗ ಹಿಂದಿನ ನಿಶ್ಚಯವನ್ನು ಬದಲಿಸಕೂಡದೆಂದು ವಿಧಿಸಿದ್ದ. ಹಾಪ್ಕಿನ್ಸ್ ಆ ಶಿಸ್ತಿನಲ್ಲಿ ಬೆಳೆದವನು. ಕತ್ತಲನ್ನು ಬಣ್ಣಿಸುವಾಗಲೂ ಅವನು ದೀಕ್ಷೆಯನ್ನು ಬಿಡಲಿಲ್ಲ.

ಆದರೆ ಎಲ್ಲ ಸುನೀತಗಳೂ ಒಂದೇ ತೂಕದವಲ್ಲ. ಇರುಳಲ್ಲಿ ಎಚ್ಚತ್ತು ಕತ್ತಲನ್ನೇ ಮುಟ್ಟಿದವನ ಸುನೀತದಲ್ಲಿ, ತನ್ನ ಮೊರೆಗಳು ದೂರದ ಪ್ರಿಯನಿಗೆ ಬರೆದು ಅವನನ್ನು ಮುಟ್ಟದೆ ಹೋದ ಪತ್ರಗಳೆನ್ನುತ್ತಾನೆ. ಊರಿನ ಪತ್ರಕ್ಕೆ ಕಾದವರಿಗೆ ಈ ಹೋಲಿಕೆಯನ್ನು ವಿವರಿಸಬೇಕಿಲ್ಲ. ಆದರೂ ಅಲ್ಲಿ ದೇವರು 'ಅವನು' ಮಾತ್ರ. ಉಳಿದದ್ದೆಲ್ಲ ಸ್ವಗತ. ಅದು ನೋವಿನ ಕವಿತೆ, ಇನ್ನೂ ಪ್ರಾರ್ಥನೆಯಲ್ಲ.

'ಕ್ಯಾರಿಯನ್ ಕಂಫರ್ಟ್' ಎಂಬ ಸುನೀತದಲ್ಲಿ 'ಅವನು' 'ನೀನು' ಆಗುತ್ತಾನೆ. ಕವಿ ಮೊದಲು ಹತಾಶೆಯನ್ನು ಎದುರಿಗೆ ನಿಲ್ಲಿಸಿ ನಿರಾಕರಿಸುತ್ತಾನೆ. ಬಳಿಕ ತನ್ನನ್ನು ತುಳಿದವನನ್ನೇ ಏಕೆಂದು ಕೇಳುತ್ತಾನೆ. ಸೆಣಸಿದ ಎದುರಾಳಿ ದೇವರೆಂಬ ಅರಿವು ಕೊನೆಯ ಸಾಲಿನಲ್ಲಿ ಬೆಚ್ಚಿಬಿದ್ದ ಉದ್ಗಾರದೊಡನೆ ಬರುತ್ತದೆ. ಭಾಷೆ ಇಲ್ಲಿ ತೀರ ಬಿಗಿ, ಕೆಲವೆಡೆ ಉಸಿರುಗಟ್ಟಿಸುವಷ್ಟು. ಅದನ್ನು ದೋಷವೆನ್ನುವವರಿದ್ದಾರೆ, ಕುಸ್ತಿಯ ಹಿಡಿತಕ್ಕೆ ಅದು ತಕ್ಕದ್ದೆಂದೇ ನಮ್ಮ ಮತ.

ಇವೆಲ್ಲಕ್ಕಿಂತ ಮಿಗಿಲಾದದ್ದು 1889ರ ಮಾರ್ಚಿನಲ್ಲಿ, ಸಾವಿಗೆ ಮೂರು ತಿಂಗಳ ಮುಂಚೆ ಬರೆದ ಸುನೀತ. ಪ್ರವಾದಿ ಯೆರೆಮೀಯನ ದೂರೇ ಇದರ ಆಧಾರ: ದುಷ್ಟರು ಏಕೆ ಏಳಿಗೆ ಹೊಂದುತ್ತಾರೆ? ಕವಿ ನ್ಯಾಯಾಲಯದಲ್ಲಿ ನಿಂತವನಂತೆ, ವಿನಯ ಬಿಡದೆ, ವಾದಿಸುತ್ತಾನೆ. ಗಿಡಗಳು ಚಿಗುರುತ್ತವೆ, ಹಕ್ಕಿಗಳು ಗೂಡು ಕಟ್ಟುತ್ತವೆ, ತನ್ನ ಕೈಯಿಂದ ಮಾತ್ರ ಏನೂ ಬಾಳುವಂಥದು ಹುಟ್ಟದು. ಕೊನೆಗೆ ಅವನು ಬೇಡುವುದು ಗೆಲುವಿನ ತೀರ್ಪನ್ನಲ್ಲ, ಬೇರಿಗೆ ಮಳೆಯನ್ನು.

ನಮ್ಮ ದಾಸರ ನಿಂದಾಸ್ತುತಿಯನ್ನು ಬಲ್ಲವರಿಗೆ ದೇವರೊಡನೆ ಜಗಳ ಹೊಸದಲ್ಲ. ಆದರೆ ಅಲ್ಲಿನ ಜಗಳದಲ್ಲಿ ಸಲಿಗೆಯಿದೆ. ಬೈಗುಳವೇ ಹೊಗಳಿಕೆಯೆಂಬುದು ಕೇಳುವವನಿಗೂ ಗೊತ್ತು. ಹಾಪ್ಕಿನ್ಸನಿಗೆ ಆ ಸಲಿಗೆಯ ಆಸರೆಯಿಲ್ಲ. ಉತ್ತರ ಬರುವ ಭರವಸೆ ಕಾಣದಿದ್ದಾಗಲೂ ಆತ 'ನೀನು' ಎನ್ನುವುದನ್ನು ನಿಲ್ಲಿಸಲಿಲ್ಲ. ಇದೇ ಈ ಸುನೀತಗಳ ಹಿರಿಮೆ.

ಆತ ಬಾಳಿದ್ದಾಗ ಇವು ಅಚ್ಚಾಗಲಿಲ್ಲ. ಗೆಳೆಯ ರಾಬರ್ಟ್ ಬ್ರಿಜಸ್ ಕವಿತೆಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದು 1918ರಲ್ಲಿ. ಏನೂ ಹುಟ್ಟಲಿಲ್ಲವೆಂದು ದೂರಿದವನ ಬೇರಿಗೆ ಮಳೆ ಬಿತ್ತೆಂದು ಇಂದಿನ ಓದುಗ ಹೇಳಬಹುದು. ಮೊರೆಯಿಟ್ಟವನಿಗೆ ಮಾತ್ರ ಅದು ತಿಳಿಯಲಿಲ್ಲ.