ರಾಜುವಿನ ಸ್ಟೇಷನ್ನು, ರೋಸಿಯ ಸ್ಟೇಷನ್ನು

ನಮ್ಮ ಮಾರತ್ತಹಳ್ಳಿಗೆ ರೈಲ್ವೆ ಸ್ಟೇಷನ್ನಿಲ್ಲ. ಹೊಸೂರು ಕಡೆಯ ಪ್ಯಾಸೆಂಜರು ಹಿಡಿಯಬೇಕೆಂದರೆ ಬೆಳ್ಳಂದೂರು ರೋಡಿಗೋ ಕಾರ್ಮೆಲರಾಮಿಗೋ ಹೋಗಬೇಕು. ಇಂಥ ಪುಟ್ಟ ಸ್ಟೇಷನ್ನುಗಳಲ್ಲಿ ಗಾಡಿ ಕಾಯುತ್ತಾ ಓದಲು ಆರ್.ಕೆ. ನಾರಾಯಣರ ‘ದಿ ಗೈಡ್’ಗಿಂತ ಒಳ್ಳೆಯ ಜೊತೆ ಇನ್ನೊಂದಿಲ್ಲ. 1958ರ ಈ ಕಾದಂಬರಿಗೆ 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮಲ್ಲಿ ಹೆಚ್ಚಿನವರು ನೋಡಿರುವುದು 1965ರ ಸಿನಿಮಾವನ್ನು. ಅದು ಕಥೆಯನ್ನು ಉದಯಪುರಕ್ಕೆ ಎತ್ತಿಕೊಂಡು ಹೋಯಿತು. ಹಾಡುಗಳು ಉಳಿದವು, ಮಾಲ್ಗುಡಿ ಕೈಬಿಟ್ಟಿತು.

ಪುಸ್ತಕದ ಜೀವವಿರುವುದು ಆ ಮಾಲ್ಗುಡಿ ಸ್ಟೇಷನ್ನಿನಲ್ಲೇ. ಹಳಿ ಹಾಕಲು ಬಂದ ಕೂಲಿಯವರಿಂದ ಪುಟ್ಟ ರಾಜು ಬೈಗುಳ ಕಲಿಯುತ್ತಾನೆ. ಅಪ್ಪ ಗಾಬರಿಯಾಗಿ ಜಗಲಿ ಮಠಕ್ಕೆ ಅಟ್ಟುತ್ತಾನೆ. ಆಮೇಲೆ ಪ್ಲಾಟ್‌ಫಾರಮ್ಮಿನಲ್ಲೇ ಅಪ್ಪನಿಗೆ ಅಂಗಡಿ ಸಿಗುತ್ತದೆ. ಬೆಳೆದ ರಾಜು ಅಲ್ಲಿ ಕೂತು ಹಳೆಯ ಪುಸ್ತಕ, ಪತ್ರಿಕೆ ಓದುತ್ತಾ, ಇಳಿದವರು ಏನು ಕೇಳಿದರೂ ‘ಗೊತ್ತಿಲ್ಲ’ ಎನ್ನದೆ ಗೈಡ್ ಆಗಿಬಿಡುತ್ತಾನೆ. ಸ್ಟೇಷನ್ನೊಂದು ಮನುಷ್ಯನನ್ನು ಹೇಗೆ ತಿದ್ದಿ, ಕೆಡಿಸಿ ತಯಾರು ಮಾಡುತ್ತದೆಂಬುದನ್ನು ಇಷ್ಟು ನಗುನಗುತ್ತಾ ಹೇಳಿದವರು ಅಪರೂಪ.

ಆದರೆ ರೋಸಿ ರೈಲಿಳಿದ ಮೇಲೆ ನನ್ನ ತಕರಾರು ಶುರುವಾಗುತ್ತದೆ. ಅವಳು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ದೇವದಾಸಿ ಮನೆತನದಲ್ಲಿ ಹುಟ್ಟಿದವಳು, ಪತ್ರಿಕೆಯ ಜಾಹೀರಾತು ನೋಡಿ ಮದುವೆಯಾದವಳು. ಬಂದವಳೇ ಕೇಳುವುದು ಹಾವಿನ ಆಟ ಎಲ್ಲಿ ನೋಡಬಹುದೆಂದು. ಗಂಡನಿಗೆ ಗುಹೆಗಳ ಧ್ಯಾನ. ಆ ಪ್ಲಾಟ್‌ಫಾರಮ್ಮು ಅವಳ ಕಣ್ಣಿಗೆ ಹೇಗೆ ಕಂಡಿತು? ನಮಗೆ ತಿಳಿಯುವುದಿಲ್ಲ. ಎಲ್ಲವೂ ರಾಜುವಿನ ಬಾಯಲ್ಲೇ ಬರಬೇಕು. ಅಷ್ಟೇಕೆ, ಅವಳ ಗಂಡನಿಗೆ ‘ಮಾರ್ಕೊ’ ಎಂಬ ಹೆಸರಿಟ್ಟವನೂ ಅವನೇ!

ರಾಜು ಸುಳ್ಳುಬುರುಕ, ನಾರಾಯಣರು ಬೇಕೆಂದೇ ಹೀಗೆ ಬರೆದಿದ್ದಾರೆ ಎಂದು ನೀವು ಹೇಳಬಹುದು. ರೋಸಿಯ ಮಟ್ಟಿಗೆ ಒಪ್ಪಿದೆ. ಅವನ ಮಾತಿನ ಸಂದಿನಲ್ಲೇ ಅವಳು ಇಣುಕಿ, ಕೊನೆಗೆ ಅವನಿಲ್ಲದೆಯೂ ಕುಣಿದು ಬದುಕುತ್ತಾಳೆ.

ತಾಯಿಯ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಸ್ಟೇಷನ್ನಿನ ಹತ್ತಿರವೇ ಅವಳ ಮನೆ. ರೈಲಿನಿಂದ ಗಂಡನಿಗೆ ಅಂಗಡಿ ಬಂತು, ಮಗನಿಗೆ ‘ರೈಲ್ವೆ ರಾಜು’ ಎಂಬ ಹೆಸರು ಬಂತು. ಅವಳಿಗೆ ಬಂದದ್ದು ಹೊತ್ತಲ್ಲದ ಹೊತ್ತಿನಲ್ಲಿ ಬಡಿಸುವ ಊಟ, ಆಮೇಲೆ ಮನೆಯೊಳಗೆ ಮಗ ತಂದಿಟ್ಟ ಪರಹೆಣ್ಣು. ಕಡೆಗೆ ತಾನು ಬಾಳಿದ ಮನೆಯನ್ನು ಬಿಟ್ಟು ಸೋದರನ ಹಿಂದೆ ನಡೆಯುವವಳು ಅವಳೇ. ರಾಜು ನೊಂದುಕೊಳ್ಳುತ್ತಾನೆ, ನಿಜ. ಆದರೆ ಕಥೆ ಅವಳ ಹಿಂದೆ ಹೋಗುವುದಿಲ್ಲ. ರಾಜುವಿನ ಜೊತೆಗೇ ನಿಂತುಬಿಡುತ್ತದೆ.