ತೊಟ್ಟಿಲಿನ ಹಿರಿತನ, ರಿಕಾಯಿಲಿನ ಹೊಸತನ

‘ಕ್ಲಾಸಿಕ್’ ಎಂಬ ಮಾತು ಈಗ ನಮ್ಮ ಅಡುಗೆಮನೆಯವರೆಗೂ ಬಂದಿದೆ. ಹಳೆಯ ಸಿನೆಮಾ ಹಾಡು ಕ್ಲಾಸಿಕ್, ಅತ್ತೆಯ ಪೆಟ್ಟಿಗೆಯಲ್ಲಿರುವ ಇಳಕಲ್ ಸೀರೆ ಕ್ಲಾಸಿಕ್, ಕೊನೆಗೆ ಬಿಸ್ಕತ್ತಿನ ಪೊಟ್ಟಣದ ಮೇಲೂ ಅದೇ ಮುದ್ರೆ. ಬೆಂಗಳೂರಿನ ವಂಡರ್‌ಲಾಕ್ಕೆ ಪ್ರವಾಸ ಹೋಗಿಬಂದ ನಮ್ಮ ಕಡೆಯ ಹುಡುಗಿಯರು ಅಲ್ಲಿಯ ‘ರಿಕಾಯಿಲ್’ ಎಂಬ ರೋಲರ್ ಕೋಸ್ಟರಿಗೂ ಈ ಬಿರುದನ್ನು ದಯಪಾಲಿಸುತ್ತಾರೆ. ಹಿರಿಯರು ಮಾತ್ರ, “ನಮ್ಮ ಮಹಾಲಿಂಗೇಶ್ವರ ದೇವರ ಜಾತ್ರೆಯ ತೊಟ್ಟಿಲಿನ ಮುಂದೆ ಅದು ಎಂಥದ್ದು?” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನಾನು ಎರಡರಲ್ಲೂ ಕುಳಿತವಳು. ಹಾಗಾಗಿ ಎರಡು ಪಕ್ಷಗಳ ಮಾತನ್ನೂ ಸ್ವಲ್ಪ ತೂಗಿ ನೋಡುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ಮೊದಲು ತೊಟ್ಟಿಲು. ಏಪ್ರಿಲ್ 10ಕ್ಕೆ ಪುತ್ತೂರಿನ ಜಾತ್ರೆ ಶುರುವಾಗಿ 17ಕ್ಕೆ ಬ್ರಹ್ಮರಥ ಎಳೆಯುವ ಹೊತ್ತಿಗೆ ದೇವಳದ ಎದುರಿನ ಗದ್ದೆ ಗದ್ದೆಯಾಗಿ ಉಳಿದಿರುವುದಿಲ್ಲ. ಬಳೆ, ಬತ್ತಾಸು, ಚರುಮುರಿ, ಐಸ್‌ಕ್ರೀಮು. ಅವೆಲ್ಲದರ ತಲೆಯ ಮೇಲೆ ದೀಪ ಹಚ್ಚಿಕೊಂಡು ತಿರುಗುವ ತೊಟ್ಟಿಲು. ಜಯಂಟ್ ವೀಲ್ ಎಂದು ಬೋರ್ಡು ಇದ್ದರೂ ನಮ್ಮ ಹೆಂಗಸರ ಬಾಯಲ್ಲಿ ಅದು ತೊಟ್ಟಿಲೇ. ಮಗುವನ್ನು ಮಲಗಿಸುವ ವಸ್ತುವಿನ ಹೆಸರನ್ನೇ ಎದೆ ಝಲ್ಲೆನಿಸುವ ಯಂತ್ರಕ್ಕೂ ಇಟ್ಟವರ ಧೈರ್ಯವನ್ನು ಮೆಚ್ಚಬೇಕು.

ಈ ತೊಟ್ಟಿಲಿನ ವಂಶಾವಳಿ ಸಣ್ಣದಲ್ಲ. ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮಿನ ಪ್ರವಾಸಿ 1615ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರಂಜಾನಿನ ಹಬ್ಬದ ಹೊತ್ತಿಗೆ ಇಂಥದೊಂದು ತಿರುಗುವ ಚಕ್ರವನ್ನು ಕಂಡು, ತಾನೂ ಕುಳಿತು, ಅದರ ಬಗ್ಗೆ ಬರೆದಿಟ್ಟ. ಇದೇ ಮನುಷ್ಯ 1623ರಲ್ಲಿ ನಮ್ಮ ಮಂಗಳೂರಿಗೂ ಬಂದು, ಉಳ್ಳಾಲದ ರಾಣಿಯನ್ನು ಕಂಡು ಮಾತನಾಡಿಸಿದವನು ಎಂದರೆ ಆಶ್ಚರ್ಯವಾಗುತ್ತದೆ. ಆ ಚಕ್ರದ ಸುದ್ದಿಯನ್ನು ರಾಣಿಗೆ ಹೇಳಿದನೋ ಇಲ್ಲವೋ, ಹೇಳಿದ್ದರೆ ಆಕೆ ಖಂಡಿತ ಒಂದು ಮಾಡಿಸಿ ನೋಡುತ್ತಿದ್ದಳು! ಮುಂದೆ 1893ರಲ್ಲಿ ಶಿಕಾಗೋದ ವಿಶ್ವಮೇಳದಲ್ಲಿ ಫೆರಿಸ್ ಎಂಬ ಎಂಜಿನಿಯರು 264 ಅಡಿ ಎತ್ತರದ ಉಕ್ಕಿನ ಚಕ್ರ ನಿಲ್ಲಿಸಿದ. ಅದರಲ್ಲಿ 36 ಡಬ್ಬಿಗಳು, ಒಂದೊಂದರಲ್ಲೂ 60 ಜನ. ಆ ಚಕ್ರವನ್ನು 1906ರಲ್ಲಿ ಸಿಡಿಮದ್ದಿಟ್ಟು ಉರುಳಿಸಿ ಗುಜರಿಗೆ ಹಾಕಿದರು. ಆದರೆ ಅದರ ಮರಿಗಳು ಲೋಕದ ಜಾತ್ರೆಗಳಲ್ಲೆಲ್ಲ ತಿರುಗುತ್ತಲೇ ಇವೆ. ಪುತ್ತೂರಿನ ಗದ್ದೆಯಲ್ಲಿ ಎದ್ದು ನಿಲ್ಲುವುದೂ ಅಂಥ ಒಂದು ಮರಿಯೇ. ಯಂತ್ರ ಗುಜರಿ ಸೇರಿದರೂ ಬಗೆ ಉಳಿದುಕೊಂಡಿತು. ತೊಟ್ಟಿಲಿಗೆ ಹಿರಿತನದ ಪಟ್ಟ ಸಿಕ್ಕಿದ್ದು ಹೀಗೆ.

ಈಗ ರಿಕಾಯಿಲ್. ಸುಳ್ಯದಿಂದ ಸಂಪಾಜೆ, ಮಡಿಕೇರಿ, ಮೈಸೂರು ದಾಟಿ ಬೆಂಗಳೂರಿಗೆ ಹೋಗುವವರಿಗೆ ನಗರ ಸಿಗುವ ಮೊದಲೇ ಬಿಡದಿಯ ಹತ್ತಿರ ಈ ಪಾರ್ಕು ಸಿಗುತ್ತದೆ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಕಟ್ಟಿದವರೇ 2005ರಲ್ಲಿ ಇದನ್ನು ತೆರೆದರು. ಘಾಟಿಯ ತಿರುವುಗಳಲ್ಲಿ ನಿಂಬೆಹಣ್ಣು ಮೂಸುತ್ತ, ಕಿಟಕಿಯಿಂದ ಮುಖ ಹೊರಗಿಟ್ಟು ಹೇಗೋ ಮೇಲೆ ಮುಟ್ಟಿದ ನಮ್ಮಂಥವರು ಪುನಃ ದುಡ್ಡು ಕೊಟ್ಟು ತಲೆ ತಿರುಗಿಸಿಕೊಳ್ಳಬೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಘಾಟಿಯಲ್ಲಿ ನಾವು ಬರೇ ಸಾಮಾನು. ಇಲ್ಲಿ ಹೆದರಿಕೆಯನ್ನು ನಾವೇ ಆರಿಸಿಕೊಂಡಿರುತ್ತೇವೆ. ಎರಡಕ್ಕೂ ವ್ಯತ್ಯಾಸವಿದೆ.

ರಿಕಾಯಿಲಿನ ರಚನೆ ಸರಳ. ಬಂಡಿಯಲ್ಲಿ ಕುಳಿತವರನ್ನು ಬೆನ್ನು ಮುಂದಾಗಿ ಒಂದು ಏರಿನ ಮೇಲಕ್ಕೆ ಎಳೆಯುತ್ತಾರೆ. ಸುಮಾರು 35 ಮೀಟರು, ಎಂದರೆ ಒಂದರ ಮೇಲೊಂದು ಎರಡು ಅಡಿಕೆ ಮರ ನಿಲ್ಲಿಸಿದಷ್ಟು. ಮುಖ ನೆಲದ ಕಡೆಗೆ ಇರುತ್ತದೆ. ಕೆಳಗೆ ನಿಂತವರು ಇರುವೆಗಳಾಗುತ್ತ ಹೋಗುವುದನ್ನು ನೋಡುತ್ತಲೇ ಏರಬೇಕು. ಆಮೇಲೆ ಕೊಂಡಿ ಕಳಚುತ್ತದೆ. ಎಂಜಿನ್ ಇಲ್ಲ, ಬಂಡಿಯನ್ನು ಓಡಿಸುವುದು ಅದರ ಭಾರವೇ. ಹೊರಟ ನಿಲ್ದಾಣವನ್ನೇ ರಪ್ಪನೆ ಹಾದು, ಮೂರು ಸಲ ತಲೆಕೆಳಗಾಗಿ, ಇನ್ನೊಂದು ಏರಿಗೆ ಹೋಗಿ ಮುಟ್ಟುತ್ತದೆ. ಅಲ್ಲಿ ಒಂದು ಗಳಿಗೆ ಮೌನ. ಬಳಿಕ ಬಂದ ದಾರಿಯಲ್ಲೇ, ಹಿಂದಕ್ಕೆ, ಮತ್ತೆ ಮೂರು ಸಲ ತಲೆಕೆಳಗು. ಹಾಲೆಂಡಿನ ವೆಕೋಮ ಕಂಪೆನಿ 1984ರಿಂದ ಲೋಕದ ಹತ್ತಾರು ಪಾರ್ಕುಗಳಿಗೆ ಕಟ್ಟಿಕೊಟ್ಟ ಬೂಮರಾಂಗ್ ಎಂಬ ಮಾದರಿ ಇದು.

ಹಿಂದೆ ಬರುವ ಆ ಭಾಗವೇ ಇದರ ಜೀವ ಎಂದು ನನಗನಿಸುತ್ತದೆ. ಹೋಗುವಾಗ ದಾರಿ ಕಾಣುತ್ತದೆ, ಆದರೆ ಪರಿಚಯವಿಲ್ಲ. ಬರುವಾಗ ದಾರಿ ಪರಿಚಯದ್ದೇ, ಆದರೆ ಕಾಣುವುದಿಲ್ಲ. ಗೊತ್ತಿದ್ದದ್ದನ್ನೇ ಗೊತ್ತಿಲ್ಲದಂತೆ ಮಾಡುವುದು ಒಳ್ಳೆಯ ಕಲೆಯ ಗುಣ. ಕತೆ ಗೊತ್ತಿದ್ದೂ ರಾತ್ರಿಯಿಡೀ ಯಕ್ಷಗಾನ ನೋಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗಾಗಿ ಇದನ್ನು “ಬರೇ ಬೊಬ್ಬೆ” ಎಂದು ತಳ್ಳಿಹಾಕುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಬೊಬ್ಬೆಯ ಒಳಗೂ ಒಂದು ಅಂದವಾದ ಕಟ್ಟಡವಿದೆ.

ಇದು ಬೇರೆ ಕಡೆಗಳಲ್ಲೂ ಇರುವ ನಕಲು, ಹೈದರಾಬಾದಿನಲ್ಲೂ ಇದೇ ಹೆಸರಿನದು ಇದೆ ಎಂದು ಆಕ್ಷೇಪ ಎತ್ತುವವರಿದ್ದಾರೆ. ಅದು ಗಟ್ಟಿಯಾದ ಆಕ್ಷೇಪವಲ್ಲ. ತೊಟ್ಟಿಲೂ ಎಲ್ಲ ಊರುಗಳಲ್ಲಿ ಒಂದೇ. ಸುಳ್ಯದ ಚೆನ್ನಕೇಶವ ದೇವರ ಜಾತ್ರೆಗೆ ಒಂದು, ಪುತ್ತೂರಿಗೆ ಬೇರೆ ಎಂದು ಯಾರೂ ಮಾಡಿಸುವುದಿಲ್ಲ. ಹೊಸತು ಎಂಬ ಆಕ್ಷೇಪವೂ ನಿಲ್ಲದು. ತೊಟ್ಟಿಲೂ ಒಂದು ಕಾಲದಲ್ಲಿ ಹೊಸತೇ ಆಗಿತ್ತು. ತುಕ್ಕು ಹಿಡಿದ ಬೋಲ್ಟಿನ ಮೇಲೆ ದೇವರ ಭಾರ ಹಾಕಿ ಕುಳಿತವರಿಗೆ, ಭುಜದ ಮೇಲೆ ಗಟ್ಟಿಯಾದ ಪಟ್ಟಿ ಇಳಿಸಿ ಎರಡು ಸಲ ಎಳೆದು ನೋಡುವ ವ್ಯವಸ್ಥೆ ಕಡಿಮೆಯದ್ದೂ ಅಲ್ಲ.

ಹಾಗಾದರೆ ಹಿರಿತನ ಯಾವುದರಿಂದ ಬರುತ್ತದೆ? ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಸೈಕ್ಲೋನ್ ಎಂಬ ಮರದ ರೋಲರ್ ಕೋಸ್ಟರ್ ಇದೆ. 1927ರದ್ದು, ಎತ್ತರ 85 ಅಡಿ ಮಾತ್ರ. ಇಂದಿನ ಲೆಕ್ಕದಲ್ಲಿ ಕುಳ್ಳ. 1970ರ ದಶಕದ ಆರಂಭದಲ್ಲಿ ಪಕ್ಕದ ಮತ್ಸ್ಯಾಲಯವನ್ನು ವಿಸ್ತರಿಸಲು ಅದನ್ನು ಕೆಡವುವ ಮಾತು ಬಂತು. ಜನ ಬೇಡವೆಂದರು, ಉಳಿಸಿ ಎಂದು ಹಟ ಹಿಡಿದರು. ರಿಪೇರಿಯಾಗಿ 1975ರಲ್ಲಿ ಮತ್ತೆ ಓಡಿತು. 1988ರಲ್ಲಿ ನಗರ ಅದನ್ನು ಸ್ಮಾರಕವೆಂದು ಸಾರಿತು. ಸ್ಮಾರಕವಾದದ್ದು 1988ರಲ್ಲಿ ಇರಬಹುದು, ಕ್ಲಾಸಿಕ್ ಆದದ್ದು ಜನ ಬೇಡವೆಂದ ದಿನವೇ. ತೆಗೆಯುತ್ತೇವೆ ಎಂದಾಗ ಯಾರಿಗೆ ನೋಯುತ್ತದೆ ಎಂಬುದೇ ನನ್ನ ಮಟ್ಟಿಗೆ ಸರಿಯಾದ ಒರೆಗಲ್ಲು.

ಈ ಒರೆಗಲ್ಲಿಗೆ ಉಜ್ಜುವಾಗ ಹೆಂಗಸರಾದ ನಾವು ಇನ್ನೊಂದು ಪ್ರಶ್ನೆಯನ್ನೂ ಸೇರಿಸಬೇಕು. ಯಾರ ನೋವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ? ಯಾವ ಜಾತ್ರೆಗೇ ಹೋಗಿ, ಸುಬ್ರಹ್ಮಣ್ಯದ ಚಂಪಾಷಷ್ಠಿಗೇ ಹೋಗಿ, ಚೀಲ, ಚಪ್ಪಲಿ, ನೀರಿನ ಬಾಟ್ಲಿ, ನಿದ್ದೆ ಬಂದ ಮಗು ಇವಿಷ್ಟನ್ನು ಹಿಡಿದು ಕೆಳಗೆ ನಿಂತವಳು ಒಬ್ಬಳು ಇದ್ದೇ ಇರುತ್ತಾಳೆ. “ನೀನೂ ಬಾ” ಎಂದರೆ “ನನಗೆ ತಲೆ ತಿರುಗುತ್ತದೆ” ಎನ್ನುತ್ತಾಳೆ. ತಲೆ ತಿರುಗುವುದು ನಿಜವೋ, ಚೀಲ ಹಿಡಿಯಲು ಬೇರೆ ಯಾರೂ ಇಲ್ಲದ್ದು ನಿಜವೋ ಯಾರೂ ವಿಚಾರಿಸುವುದಿಲ್ಲ. ಆದರೂ ತೊಟ್ಟಿಲು ಅವಳನ್ನು ಪೂರ್ತಿ ಬಿಟ್ಟುಹಾಕಲಿಲ್ಲ. ವರ್ಷಕ್ಕೊಮ್ಮೆ ಮನೆಯ ಹತ್ತಿರಕ್ಕೇ ಬಂದು ನಿಂತಿತು. ಈ ಸಲ ಆಗದಿದ್ದರೆ ಬರುವ ವರ್ಷ, ಮಗಳ ಜೊತೆ ಆಗದಿದ್ದರೆ ಮೊಮ್ಮಗಳ ಜೊತೆ. ಉಟ್ಟ ಸೀರೆಯಲ್ಲೇ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಅಜ್ಜಿಯಂದಿರನ್ನು ನಾನು ಎಷ್ಟೋ ನೋಡಿದ್ದೇನೆ. ಮೇಲೆ ಹೋದಾಗ ದೇವಳದ ದೀಪ, ಪೇಟೆಯ ದೀಪ ಎಲ್ಲ ಕಂಡು, “ನಮ್ಮ ಊರು ಇಷ್ಟು ಚಂದ ಉಂಟಾ?” ಎಂದವರೂ ಇದ್ದಾರೆ.

ರಿಕಾಯಿಲಿನ ಬಾಗಿಲಲ್ಲಿ ನಿಯಮಗಳ ಪಟ್ಟಿಯಿದೆ. ರಕ್ತದೊತ್ತಡದವರು, ಬೆನ್ನುನೋವಿನವರು, ಗರ್ಭಿಣಿಯರು ಬೇಡ, ಎತ್ತರ ಸಾಲದ ಮಕ್ಕಳು ಬೇಡ. ಎಲ್ಲವೂ ಸುರಕ್ಷೆಗೆ ಬೇಕಾದದ್ದೇ, ತಪ್ಪಲ್ಲ. ಆದರೆ ನಮ್ಮ ಕಡೆಯಿಂದ ಬಸ್ಸು ತುಂಬ ಹೋದ ಹೆಂಗಸರಲ್ಲಿ ಆ ಪಟ್ಟಿ ದಾಟಿ ಒಳಗೆ ಹೋಗುವವರೆಷ್ಟು? ಉಳಿದವರಿಗೆ ಒಂದು ನಿಮಿಷದ ಬೊಬ್ಬೆ ಕೇಳಿಸುತ್ತದೆ, ಅಷ್ಟೆ. ತೊಟ್ಟಿಲಿನಿಂದಾದರೆ ಕೈಬೀಸುವುದು ಕಾಣುತ್ತದೆ, ಮುಖ ಕಾಣುತ್ತದೆ. ಕೆಳಗಿನವರಿಗೂ ಒಂದು ಪಾಲಿದೆ.

ಆದರೆ ತೊಟ್ಟಿಲು ಕೊಡಲಾರದ ಒಂದನ್ನು ರಿಕಾಯಿಲ್ ಕೊಡುತ್ತದೆ. ಅದನ್ನು ಹೇಳದಿದ್ದರೆ ನನ್ನ ತಕ್ಕಡಿ ವಾಲುತ್ತದೆ. ಅಲ್ಲಿ ಹೆಂಗಸು ಬಾಯಿ ಬಿಟ್ಟು ಕಿರಿಚಬಹುದು. ಜಾತ್ರೆಯ ತೊಟ್ಟಿಲಿನಲ್ಲಿ ಕಿರಿಚಿದರೆ ಕೆಳಗೆ ಭಾವನವರಿರುತ್ತಾರೆ, ಮಾಸ್ಟ್ರು ಇರುತ್ತಾರೆ, ನಾಳೆ ಹಾಲಿನ ಡೈರಿಯಲ್ಲಿ ಮಾತಾಗುತ್ತದೆ. ಬಿಡದಿಯಲ್ಲಿ ಕಿರಿಚುವುದೇ ಮರ್ಯಾದೆ! ನಲವತ್ತು ದಾಟಿದ ಹೆಂಗಸು ಯಾರಿಗೂ ಕಾರಣ ಹೇಳದೆ ಗಂಟಲು ಬಿರಿಯುವಂತೆ ಕೂಗಿ, ಇಳಿದು, ಸೆರಗನ್ನೋ ವೇಲನ್ನೋ ಸರಿಮಾಡಿಕೊಂಡು ಏನೂ ಆಗದವಳಂತೆ ನಡೆದುಹೋಗಬಹುದಾದ ಜಾಗಗಳು ಎಷ್ಟಿವೆ, ಹೇಳಿ.

ಆದ್ದರಿಂದ ನನ್ನ ತೀರ್ಪು ಇಷ್ಟು. ರಿಕಾಯಿಲ್ ಒಳ್ಳೆಯ ಕೃತಿ, ಎರಡನೆಯ ಸಲವೂ ಸಪ್ಪೆಯಾಗದ ಕೃತಿ. ಕ್ಲಾಸಿಕ್ ಎಂಬ ಪಟ್ಟಕ್ಕೆ ಅದಿನ್ನೂ ಕಾಯಬೇಕು. ನಾಳೆ ಅದನ್ನು ಬಿಚ್ಚಿ ಬೇರೆ ಯಂತ್ರ ನಿಲ್ಲಿಸಿದರೆ ನಮ್ಮ ಹುಡುಗಿಯರು ಹೊಸತರ ಸರತಿಯಲ್ಲಿ ನಿಂತಾರು, ಬೇಡವೆನ್ನಲಾರರು. ಪುತ್ತೂರಿನ ಗದ್ದೆಯಲ್ಲಿ ಒಂದು ವರ್ಷ ತೊಟ್ಟಿಲು ಏಳದಿದ್ದರೆ ಮಾತ್ರ ಜಾತ್ರೆ ಕಳೆ ಕಟ್ಟಲಿಲ್ಲ ಎಂದು ಮಳೆಗಾಲದವರೆಗೂ ಹೇಳುತ್ತೇವೆ. ಈಗ ಅಲ್ಲಿ ಕೂಗಿ ಇಳಿದ ಹುಡುಗಿ ತಾಯಿಯಾಗಿ ತನ್ನ ಮಗಳನ್ನು ಕರೆದುಕೊಂಡು ಬಂದು, ಚೀಲವನ್ನು ಗಂಡನ ಕೈಗೆ ಕೊಟ್ಟು ತಾನೂ ಹತ್ತುವಂತಾದರೆ, ಆಗ ರಿಕಾಯಿಲಿಗೆ ಪಟ್ಟ ಕಟ್ಟಲು ನನ್ನ ಅಡ್ಡಿಯಿಲ್ಲ. ಪಟ್ಟ ಕಟ್ಟುವವರ ಸಾಲಿನಲ್ಲಿ ಅಷ್ಟು ವರ್ಷ ಕೆಳಗೆ ನಿಂತವಳಿಗೂ ಒಂದು ಜಾಗ ಇರಲಿ.